ಪಶುವೈದ್ಯ ಓದಿದ ಮೇಲೆ ಅನಿಮಲ್ ನ್ಯೂಟ್ರಿಷನ್‌ನಲ್ಲಿ ಎಂವಿಎಸ್ಸಿ ಮಾಡಬಹುದಾ?

ನೀವು ಕೇಳಿದ್ದು ಇಷ್ಟು: ಪಶುವೈದ್ಯ ಪದವಿ ಬಿವಿಎಸ್ಸಿಯ ಪಾಠ ಮುಗಿಸಿ ಇಂಟರ್ನ್‌ಶಿಪ್‌ನಲ್ಲಿದ್ದೀರಿ. ಮುಂದಿನ ಸ್ನಾತಕೋತ್ತರ ಪದವಿ ಎಂವಿಎಸ್ಸಿಗೆ ಅನಿಮಲ್ ನ್ಯೂಟ್ರಿಷನ್ (ಪಶು ಆಹಾರ ಶಾಸ್ತ್ರ) ಅಥವಾ ಎಲ್‌ಪಿಎಂ (ಜಾನುವಾರು ಉತ್ಪಾದನೆ, ನಿರ್ವಹಣೆ) ತಗೊಳ್ಳುವ ಮನಸ್ಸಿದೆ. ಮನೆಯವರು ಮಾತ್ರ "ಐದೂವರೆ ವರ್ಷ ಡಾಕ್ಟರ್ ಓದಿ ಈಗ ಮೇವು ತೂಗೋಕೆ ಹೋಗ್ತೀಯಾ" ಅನ್ನುತ್ತಿದ್ದಾರೆ. ಹೋಗಲಾ ಬೇಡವಾ?

ಮೊದಲು ಒಂದು ಮಾತು. ನಿಮ್ಮ ಮನೆಯವರು ಹೇಳಿದ್ದು ಸುಳ್ಳಲ್ಲ. ನಾನು ನ್ಯೂಟ್ರಿಷನ್‌ನಲ್ಲಿ ಎಂವಿಎಸ್ಸಿ ಮಾಡಿದವಳು. ಆ ಎರಡು ವರ್ಷ ನಾನು ಜಾಸ್ತಿ ಮಾಡಿದ್ದು ತೂಗುವ ಕೆಲಸವನ್ನೇ. ಮೇವು ತೂಗಿದೆ, ತಿಂದು ಬಿಟ್ಟ ಮೇವು ತೂಗಿದೆ, ಕುರಿ ತೂಗಿದೆ, ಕುರಿಯ ಹಿಕ್ಕೆಯನ್ನೂ ತೂಗಿದೆ. ಸರ್ಜರಿ ತಗೊಂಡ ಗೆಳತಿ ವಾಟ್ಸಾಪಿನಲ್ಲಿ ಆಪರೇಷನ್ ಫೋಟೋ ಹಾಕುತ್ತಿದ್ದಳು. ನಾನು ಹಾಕೋದಾದರೂ ಏನನ್ನು?

ಸೀಟಿನ ವಿಷಯ ಬೇಗ ಮುಗಿಸುತ್ತೇನೆ. ಒಂದು ದಾರಿ ನಮ್ಮ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ್ದು. ಬೆಂಗಳೂರಿನ ಹೆಬ್ಬಾಳದ ಕಾಲೇಜು ಅದರ ಕೆಳಗೇ ಬರುತ್ತದೆ. 1958ರಲ್ಲಿ ಶುರುವಾದ ಕಾಲೇಜು ಅದು. ಇನ್ನೊಂದು ದಾರಿ ಐಸಿಎಆರ್, ಅಂದರೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಸೀಟುಗಳಿಗೆ ನಡೆಯುವ ಅಖಿಲ ಭಾರತ ಪಿಜಿ ಪರೀಕ್ಷೆ. ಬರೇಲಿ ಹತ್ತಿರದ ಇಜ್ಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆ ಐವಿಆರ್‌ಐ, ಕರ್ನಾಲ್‌ನ ಹೈನು ಸಂಶೋಧನಾ ಸಂಸ್ಥೆ ಎನ್‌ಡಿಆರ್‌ಐ, ಬೇರೆ ರಾಜ್ಯದ ಕಾಲೇಜುಗಳು ಬೇಕು ಅಂದರೆ ಇದನ್ನು ಬರೆಯಲೇಬೇಕು. ಇದರಲ್ಲಿ 'ವೆಟರ್ನರಿ ಸೈನ್ಸ್' ಬೇರೆ ಗುಂಪು, 'ಅನಿಮಲ್ ಸೈನ್ಸ್' ಬೇರೆ ಗುಂಪು. ಮೆಡಿಸಿನ್, ಸರ್ಜರಿ ಮೊದಲನೆಯದರಲ್ಲಿ. ನ್ಯೂಟ್ರಿಷನ್, ಎಲ್‌ಪಿಎಂ, ತಳಿಶಾಸ್ತ್ರ ಎರಡನೆಯದರಲ್ಲಿ. ಅರ್ಜಿ ತುಂಬುವಾಗಲೇ ಇದು ತೀರ್ಮಾನವಾಗಿಬಿಡುತ್ತದೆ. ರ‍್ಯಾಂಕ್ ಬಂದ ಮೇಲೆ ನೋಡೋಣ ಅಂತ ಕೂರಬೇಡಿ.

ಕೋರ್ಸ್ ಅಂದರೆ ಕ್ಲಾಸು ಅಂದುಕೊಂಡರೆ ತಪ್ಪು. ಐಸಿಎಆರ್‌ನ ಈಗಿನ ಪಠ್ಯಕ್ರಮದ 70 ಕ್ರೆಡಿಟ್‌ನಲ್ಲಿ 30 ಥೀಸಿಸ್‌ಗೇ ಹೋಗುತ್ತದೆ. ಅಂದರೆ ಒಂದು ಪ್ರಯೋಗದ ಜೊತೆ ಒಂದು ವರ್ಷಕ್ಕೂ ಜಾಸ್ತಿ ಸಂಸಾರ ಮಾಡಬೇಕು. ಆ ಸಂಸಾರ ಹೇಗಿರುತ್ತದೆ ಅಂತ ಯಾರೂ ಮೊದಲೇ ಹೇಳುವುದಿಲ್ಲ. ಅದಕ್ಕೇ ನನ್ನದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನನ್ನ ಪ್ರಯೋಗ ಹದಿನೆಂಟು ಬನ್ನೂರು ತಳಿಯ ಟಗರು ಮರಿಗಳ ಮೇಲೆ. ಆರಾರರ ಮೂರು ಗುಂಪು. ಮೊದಲ ಗುಂಪಿಗೆ ಮಾಮೂಲಿ ಆಹಾರ, ಅದರಲ್ಲಿ ಕಡಲೆಕಾಯಿ ಹಿಂಡಿ. ಉಳಿದ ಎರಡಕ್ಕೆ ಹಿಂಡಿಯ ಒಂದು ಪಾಲು ತೆಗೆದು ಅದರ ಬದಲು ಒಣಗಿಸಿದ ಹಿಪ್ಪುನೇರಳೆ ಸೊಪ್ಪಿನ ಪುಡಿ. ಒಂದಕ್ಕೆ ಕಡಿಮೆ, ಇನ್ನೊಂದಕ್ಕೆ ಜಾಸ್ತಿ. ರೇಷ್ಮೆ ಬೆಳೆಯುವ ಕಡೆ ಹುಳ ತಿಂದು ಮಿಕ್ಕಿದ ಸೊಪ್ಪು ಕಡ್ಡಿ ಕುರಿಗೆ ಹಾಕುವುದು ಹಳೆ ರೂಢಿ. ನಾವು ಅದನ್ನೇ ಲೆಕ್ಕಕ್ಕೆ ತಂದೆವು, ಅಷ್ಟೇ. ಪ್ರಾಣಿಗಳ ಮೇಲೆ ಪ್ರಯೋಗ ಅಂದರೆ ಕಾಲೇಜಿನ ಎಥಿಕ್ಸ್ ಸಮಿತಿಯ ಒಪ್ಪಿಗೆ ಬೇಕು. ಆ ಕಾಗದ ಕೈಗೆ ಬರುವವರೆಗೆ ಒಂದು ಮರಿಯನ್ನೂ ಶೆಡ್ಡಿಗೆ ತರುವಂತಿಲ್ಲ. ಮೊದಲ ಸೆಮಿಸ್ಟರ್‌ನಲ್ಲೇ ಇದರ ಬೆನ್ನು ಹತ್ತಿ.

ಹದಿನೈದು ದಿನಕ್ಕೊಮ್ಮೆ ತೂಕದ ದಿನ. ಬೆಳಿಗ್ಗೆ ಮೇವು, ನೀರು ಎರಡೂ ಕೊಡುವ ಮೊದಲೇ ತೂಗಬೇಕು. ಯಾಕೆ ಅಂದರೆ ನನ್ನ ಮರಿಗಳು ದಿನಕ್ಕೆ ನೂರು ಗ್ರಾಂ ಆಸುಪಾಸು ಬೆಳೆಯುತ್ತಿದ್ದವು. ಒಂದು ಮರಿ ತಕ್ಕಡಿ ಹತ್ತುವ ಮುಂಚೆ ಒಂದು ಲೀಟರ್ ನೀರು ಕುಡಿದುಬಿಟ್ಟರೆ ಹತ್ತು ದಿನದ ಬೆಳವಣಿಗೆ ಒಂದೇ ನಿಮಿಷದಲ್ಲಿ ಬಂದಂತೆ ಕಾಣುತ್ತದೆ! ಮೊದಲ ಸಲ ನನಗೆ ಹೀಗೇ ಆಯಿತು. ಏಳನೇ ನಂಬರ್ ಮರಿ ರಾತ್ರಿ ಹಗ್ಗ ಕಿತ್ತುಕೊಂಡು ಬಕೆಟ್ಟಿಗೆ ಬಾಯಿ ಹಾಕಿತ್ತು. ತೂಕ ನೋಡಿ ನಾನು ಹಿಗ್ಗಿದೆ. ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಅಜ್ಜ ನಕ್ಕು, "ಡಾಕ್ಟ್ರಮ್ಮಾ, ಅದು ಸೊಪ್ಪಲ್ಲ, ನೀರು" ಅಂದರು. ಆಮೇಲೆ ಎರಡು ದಿನ ಸಾಲಾಗಿ ತೂಗಿ ಸರಾಸರಿ ತೆಗೆಯುವುದನ್ನು ತಪ್ಪಿಸಲಿಲ್ಲ.

ಕೊನೆಯಲ್ಲಿ ಜೀರ್ಣದ ಪರೀಕ್ಷೆ. ತಿಂದದ್ದರಲ್ಲಿ ಮೈಗೆ ಹತ್ತಿದ್ದು ಎಷ್ಟು, ಹಿಂದೆ ಹೋದದ್ದು ಎಷ್ಟು ಅಂತ ನೋಡುವುದು. ಮರಿಗಳ ಹಿಂದೆ ಚೀಲ ಕಟ್ಟಿ ಏಳು ದಿನ ಹಿಕ್ಕೆ ಪೂರ್ತಿ ಹಿಡಿಯಬೇಕು. ಟಗರು ಮರಿಗಳನ್ನೇ ಆರಿಸುವ ಗುಟ್ಟು ಇಲ್ಲಿದೆ. ಗಂಡಾದರೆ ಹಿಕ್ಕೆ, ಮೂತ್ರ ಬೇರೆ ಬೇರೆ ಸಿಗುತ್ತವೆ, ಹೆಣ್ಣಾದರೆ ಬೆರೆತುಹೋಗುತ್ತವೆ. ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ಮಾತು ಚೀಲ ಕಟ್ಟುವಾಗ ಚೆನ್ನಾಗಿ ಅರ್ಥವಾಗುತ್ತದೆ. ಆ ಏಳು ದಿನ ಊರಿಗೆ ಹೋಗುವಂತಿಲ್ಲ, ಮದುವೆ ಮುಂಜಿ ಇಲ್ಲ. ನಮ್ಮ ಅಕ್ಕನ ನಿಶ್ಚಿತಾರ್ಥ ನಾನು ವಿಡಿಯೋ ಕಾಲಿನಲ್ಲಿ ನೋಡಿದ್ದು.

ಫಲಿತಾಂಶ ಏನಾಯಿತು? ಮೂರು ಗುಂಪಿನ ಬೆಳವಣಿಗೆಯಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನನಗೆ ಅಳು ಬರುವುದೊಂದು ಬಾಕಿ. ಗೈಡ್ ಮಾತ್ರ ಖುಷಿಯಾಗಿದ್ದರು. ದುಬಾರಿ ಹಿಂಡಿ ತೆಗೆದು ಸೊಪ್ಪು ಹಾಕಿದರೂ ಮರಿ ಅಷ್ಟೇ ಬೆಳೆಯಿತು ಅಂದರೆ ರೈತನಿಗೆ ಅದೇ ಲಾಭ ಅಲ್ವಾ? ಆದರೆ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು ಸರಿಯಾದ ಜಾಗಕ್ಕೇ ಕೈ ಹಾಕಿದರು. ಗುಂಪಿಗೆ ಆರೇ ಮರಿ ಇಟ್ಟುಕೊಂಡರೆ ನಿಜವಾಗಿ ವ್ಯತ್ಯಾಸ ಇದ್ದರೂ ಕಾಣದೇ ಹೋಗಬಹುದು, "ಕಾಣಲಿಲ್ಲ" ಅನ್ನುವುದೂ "ಇಲ್ಲ" ಅನ್ನುವುದೂ ಒಂದೇನಾ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಟ್ಯಾಟಿಸ್ಟಿಕ್ಸ್ ಕೋರ್ಸನ್ನು ಪಾಸಾದರೆ ಸಾಕು ಅಂತ ಓದಿದ್ದರ ಫಲ. ನೀವು ಹಾಗೆ ಮಾಡಬೇಡಿ.

ಲ್ಯಾಬಿನ ಕೆಲಸ ಇನ್ನೊಂದು ಲೋಕ. ಮೇವಿನಲ್ಲಿ ಪ್ರೋಟೀನ್ ಎಷ್ಟಿದೆ ಅಂತ ನೋಡಲು ಇವತ್ತಿಗೂ ಹೆಚ್ಚಾಗಿ ಬಳಸುವುದು ಜೆಲ್‌ಡಾಲ್ ವಿಧಾನವನ್ನೇ. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಲ್ಯಾಬಿನಲ್ಲಿ ಹುಟ್ಟಿದ ವಿಧಾನ ಇದು. ಸ್ಯಾಂಪಲ್ಲನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿ, ಅದರಲ್ಲಿರುವ ಸಾರಜನಕ ಅಳೆದು 6.25ರಿಂದ ಗುಣಿಸುತ್ತೇವೆ. ಪ್ರೋಟೀನಿನಲ್ಲಿ ಸುಮಾರು 16% ಸಾರಜನಕ ಇರುತ್ತದೆ ಅನ್ನುವ ಲೆಕ್ಕ. ಇದರ ಮೋಸವೂ ಇಲ್ಲೇ ಇದೆ. ಯೂರಿಯಾದಲ್ಲಿ 46% ಸಾರಜನಕ. ಅದನ್ನು 6.25ರಿಂದ ಗುಣಿಸಿದರೆ ಒಂದು ಕೆಜಿ ಯೂರಿಯಾ ಕಾಗದದ ಮೇಲೆ ಮೂರು ಕೆಜಿ ಹತ್ತಿರ ಪ್ರೋಟೀನ್ ಆಗಿಬಿಡುತ್ತದೆ! ಕಳಪೆ ಹಿಂಡಿಗೆ ಯೂರಿಯಾ ಬೆರೆಸಿದರೂ ಜೆಲ್‌ಡಾಲ್ ಒಂದರಿಂದಲೇ ಅದು ಗೊತ್ತಾಗುವುದಿಲ್ಲ. ಹಾಗಂತ ಯೂರಿಯಾ ವಿಷವೇ ಅಂತಲೂ ಅಲ್ಲ. ನೂರು ಕೆಜಿ ಭತ್ತದ ಹುಲ್ಲಿಗೆ ನಾಲ್ಕು ಕೆಜಿ ಯೂರಿಯಾ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದ ಹಾಗೆ 21 ದಿನ ಮುಚ್ಚಿಟ್ಟರೆ ಹುಲ್ಲು ಮೆತ್ತಗಾಗುತ್ತದೆ, ದನ ಜಾಸ್ತಿ ತಿನ್ನುತ್ತದೆ. ಅದೇ ವಸ್ತು, ಅಳತೆ ಬೇರೆ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಗ್ಯಾಸ್ ಪರೀಕ್ಷೆ. ಹಸುವಿನ ಮೊದಲ ಹೊಟ್ಟೆಯಿಂದ, ಅಂದರೆ ರೂಮೆನ್‌ನಿಂದ ರಸ ತಂದು ಥರ್ಮಾಸ್ ಫ್ಲಾಸ್ಕಿನಲ್ಲಿ ಬೆಚ್ಚಗಿಟ್ಟು, ಮಸ್ಲಿನ್ ಬಟ್ಟೆಯಲ್ಲಿ ಸೋಸಿ, ಚಿಟಿಕೆ ಮೇವಿನ ಪುಡಿ ಇರುವ ದಪ್ಪ ಗಾಜಿನ ಸಿರಿಂಜಿಗೆ ಹಾಕುತ್ತೇವೆ. 39 ಡಿಗ್ರಿಯಲ್ಲಿ ಇಟ್ಟರೆ ಆ ಸೂಕ್ಷ್ಮಜೀವಿಗಳು ಹೊಟ್ಟೆಯಲ್ಲೇ ಇದ್ದೇವೆ ಅಂದುಕೊಂಡು ಕೆಲಸ ಶುರು ಮಾಡುತ್ತವೆ. ಗ್ಯಾಸ್ ಹುಟ್ಟಿ ಪಿಸ್ಟನ್ ಮೆಲ್ಲಗೆ ಮೇಲೇರುತ್ತದೆ. ರಾತ್ರಿ ಹನ್ನೆರಡಕ್ಕೆ ರೀಡಿಂಗ್ ತಗೊಳ್ಳಲು ಹೋದಾಗ ಸಾಲಾಗಿ ನಿಂತ ಸಿರಿಂಜುಗಳು ಒಂದೊಂದು ಎತ್ತರಕ್ಕೆ ಏರಿರುತ್ತವೆ. ಮೇವು ಸೊಗಸಾಗಿದ್ದದ್ದು ಮೇಲೆ, ಬರೀ ನಾರಿದ್ದದ್ದು ಕೆಳಗೆ. ಆ ಫ್ಲಾಸ್ಕಿನಲ್ಲಿ ಆಮೇಲೆ ಯಾರೂ ಕಾಫಿ ಕುಡಿಯಲಿಲ್ಲ ಬಿಡಿ.

ಇಷ್ಟೆಲ್ಲ ತೂಗಿ ಏನು ಬಂತು ಅಂತ ಕೇಳಿದರೆ ಒಂದು ಡಬ್ಬದ ಕಥೆ ಹೇಳುತ್ತೇನೆ. ಕೋರ್ಸ್ ಮುಗಿದ ಹೊಸದರಲ್ಲಿ ಮಂಡ್ಯ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಒಬ್ಬ ಅಕ್ಕನಿಗೆ ಹಸುವಿನ ಹಾಲು ಹತ್ತು ಲೀಟರಿಂದ ಏಳಕ್ಕೆ ಇಳಿದಿತ್ತು. ಡಾಕ್ಟರ್ ನೋಡಿ ರೋಗ ಇಲ್ಲ ಅಂದಿದ್ದರು. "ತಿಂಡಿ ಏನೂ ಕಮ್ಮಿ ಮಾಡಿಲ್ಲ ಕಣವ್ವ, ಅದೇ ಮೂರು ಡಬ್ಬ" ಅಂದರು. ಡಬ್ಬ ಅದೇ, ಒಳಗಿನದು ಬದಲಾಗಿತ್ತು. ಹಿಂಡಿ, ಫೀಡು ದುಬಾರಿಯಾಯಿತು ಅಂತ ಬರೀ ಗೋಧಿ ಬೂಸಾ ಹಾಕುತ್ತಿದ್ದರು. ನನ್ನ ಬ್ಯಾಗಿನಲ್ಲಿ ತೂಗುಹಾಕುವ ಸಣ್ಣ ತಕ್ಕಡಿ ಇತ್ತು. ಅದೇ ಡಬ್ಬದಲ್ಲಿ ಬೂಸಾ ತುಂಬಿ ತೂಗಿದರೆ ಫೀಡಿನ ಅರ್ಧ ತೂಕವೂ ಇಲ್ಲ. ಬೂಸಾ ಹಗುರ. ಅಕ್ಕ ಅಳೆದು ಹಾಕುತ್ತಿದ್ದರು, ಹಸು ತೂಕದ ಲೆಕ್ಕದಲ್ಲಿ ಹಾಲು ಕೊಡುತ್ತಿತ್ತು.

ಅಲ್ಲೇ ಜಗಲಿ ಮೇಲೆ ಕೂತು ಲೆಕ್ಕ ಹಾಕಿದೆವು. 400 ಕೆಜಿಯ ಮಿಶ್ರತಳಿ ಹಸು, ಹತ್ತು ಲೀಟರ್ ಹಾಲು. ಮೈತೂಕದ ನೂರಕ್ಕೆ ಮೂರರಂತೆ 12 ಕೆಜಿ ಒಣಪದಾರ್ಥ, ಅಂದರೆ ನೀರಿನಂಶ ಬಿಟ್ಟು ಉಳಿಯುವ ಆಹಾರ, ಬೇಕು. 15 ಕೆಜಿ ನೇಪಿಯರ್ ಹುಲ್ಲು ಅಂದರೆ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ, ಒಣಪದಾರ್ಥ 3 ಕೆಜಿ. 4 ಕೆಜಿ ರಾಗಿ ಹುಲ್ಲಿನಲ್ಲಿ 3.6. ಇನ್ನು ಹಿಂಡಿ, ಬೂಸಾ, ಫೀಡಿನ ತಿಂಡಿ. ಮೈ ಕಾಪಾಡಲು 2 ಕೆಜಿ, ಎರಡೂವರೆ ಲೀಟರ್ ಹಾಲಿಗೆ ಒಂದರಂತೆ 4 ಕೆಜಿ, ಒಟ್ಟು 6 ಕೆಜಿ ತಿಂಡಿ. ಅದರಲ್ಲಿ 5.4. ಕೂಡಿ ನೋಡಿ, ಸರಿಯಾಗಿ 12. ಅಕ್ಕನ ಮಗಳು ಪಿಯುಸಿ ಓದುತ್ತಿದ್ದವಳು, ಕ್ಯಾಲ್ಕುಲೇಟರ್ ತೆಗೆಯುವ ಮೊದಲೇ ಬಾಯಲ್ಲೇ ಕೂಡಿದಳು. ನಾನು ಬರೆದುಕೊಟ್ಟದ್ದು ಔಷಧಿ ಚೀಟಿಯಲ್ಲ, ಡಬ್ಬದ ಒಳಗೆ ಪೆನ್ನಿನಲ್ಲಿ ಎಳೆದ ಎರಡು ಗೆರೆ. ಇಲ್ಲಿವರೆಗೆ ಬೂಸಾ, ಇಲ್ಲಿವರೆಗೆ ಫೀಡು.

ಇನ್ನು ಕಹಿ ವಿಷಯ. ನಾನು ಓದಿದ ಕಡೆ ದೀಪಾವಳಿ ರಜೆಯಲ್ಲಿ ಕರೆಂಟು ಹೋಗಿ ಫ್ರೀಜರ್ ಎರಡು ದಿನ ಆಫ್ ಆಗಿತ್ತು. ಯಾರೂ ನೋಡಲಿಲ್ಲ. ಅದರಲ್ಲಿ ನನ್ನ ರೂಮೆನ್ ರಸದ ಸ್ಯಾಂಪಲ್ಲುಗಳಿದ್ದವು. ಥೀಸಿಸ್‌ನ ಒಂದು ಅಧ್ಯಾಯವೇ ಕೊಳೆತುಹೋಯಿತು. ಸ್ಯಾಂಪಲ್ಲನ್ನು ಎರಡು ಫ್ರೀಜರಿನಲ್ಲಿ ಹಂಚಿ ಇಡಿ. ಹಾಗೆಯೇ ವಿಷಯಕ್ಕಿಂತ ಮೊದಲು ಗೈಡ್ ಯಾರು ಅಂತ ನೋಡಿ. ಸೀನಿಯರ್‌ಗಳ ಹತ್ತಿರ "ಸರ್ ಒಳ್ಳೆಯವರಾ" ಅಂತ ಕೇಳಿದರೆ ಎಲ್ಲರೂ ಹೌದು ಅಂತಾರೆ. "ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ವಾಪಸ್ ಬರುತ್ತೆ" ಅಂತ ಕೇಳಿ. ಆಗ ನಿಜ ಹೊರಗೆ ಬರುತ್ತದೆ.

ಕೆಲಸದ ಬಗ್ಗೆ. ಇಲಾಖೆಯ ಪಶುವೈದ್ಯಾಧಿಕಾರಿ ಆಗೋದೇ ಗುರಿಯಾದರೆ ಬಿವಿಎಸ್ಸಿಯೇ ಸಾಕು, ಸುಮ್ನೆ ಎರಡು ವರ್ಷ ಕಳೆಯಬೇಡಿ. ಪಾಠ ಹೇಳುವ ಆಸೆಯಿದ್ದರೆ ನೆಟ್ ಪರೀಕ್ಷೆ, ಪಿಎಚ್‌ಡಿ ಅಂತ ದಾರಿ ಉದ್ದ ಇದೆ. ನ್ಯೂಟ್ರಿಷನ್‌ನವರಿಗೆ ಇನ್ನೊಂದು ಬಾಗಿಲು ಫೀಡ್ ಫ್ಯಾಕ್ಟರಿಗಳದ್ದು. ಕೆಎಂಎಫ್‌ಗೇ ಗುಬ್ಬಿ, ರಾಜಾನುಕುಂಟೆ, ಹಾಸನದಂಥ ಕಡೆ ಪಶು ಆಹಾರ ಘಟಕಗಳಿವೆ. ಖಾಸಗಿಯವರಲ್ಲಿ ಕೋಳಿ ಫೀಡಿನವರದ್ದೇ ದೊಡ್ಡ ಪಾಲು. ಕೋಳಿ ಸಾಕಣೆಯ ಖರ್ಚಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಆಹಾರಕ್ಕೇ ಹೋಗುವುದರಿಂದ ಅಲ್ಲಿ ನ್ಯೂಟ್ರಿಷನಿಸ್ಟ್ ಮಾತಿಗೆ ಬೆಲೆ ಇದೆ. ದಾವಣಗೆರೆ, ಹಾವೇರಿಯಲ್ಲಿ ಮೆಕ್ಕೆಜೋಳದ ರೇಟು ಏರಿದರೆ ಫಾರ್ಮುಲಾ ಬದಲಾಗಬೇಕು. ಆದರೆ ಜಾಹೀರಾತಿನಲ್ಲಿ 'ಟೆಕ್ನಿಕಲ್' ಅಂತ ಇರುವ ಎಷ್ಟೋ ಕೆಲಸ ಅಸಲಿಗೆ ಸೇಲ್ಸ್. ಮಿನರಲ್ ಮಿಕ್ಸ್ಚರ್ ಬಕೆಟ್ ಹಿಡಿದು ಡೀಲರ್‌ಗಳ ಅಂಗಡಿ ಸುತ್ತಬೇಕು. ಸಂದರ್ಶನದಲ್ಲಿ "ತಿಂಗಳಿಗೆ ಟಾರ್ಗೆಟ್ ಇದೆಯಾ" ಅಂತ ನೇರವಾಗಿ ಕೇಳಿಬಿಡಿ.

ಎಲ್‌ಪಿಎಂ ಬಗ್ಗೆ ನಾನು ಹೊರಗಿನವಳು. ಕೊಟ್ಟಿಗೆ ಕಟ್ಟುವುದು, ಕರು ಸಾಕುವುದು, ಬಿಸಿಲಿಗೆ ಹಸು ಹೇಗೆ ಸೊರಗುತ್ತದೆ, ಶುದ್ಧ ಹಾಲು ಹೇಗೆ ಕರೆಯಬೇಕು, ಇಂಥವೆಲ್ಲ ಅವರ ವಿಷಯ. ಮುಂದೆ ಸ್ವಂತ ಫಾರ್ಮ್ ಮಾಡುವ ಯೋಚನೆ ಇದ್ದರೆ ನನ್ನ ಮತ ಎಲ್‌ಪಿಎಂಗೇ. ಲ್ಯಾಬಿನ ಹುಚ್ಚಿದ್ದರೆ ನ್ಯೂಟ್ರಿಷನ್.

ಬೆಂಗಳೂರಿನ ಹತ್ತಿರ ಇದ್ದರೆ ಆಡುಗೋಡಿ ಕಡೆ ಒಮ್ಮೆ ಹೋಗಿಬನ್ನಿ. ಎನ್‌ಡಿಆರ್‌ಐನ ದಕ್ಷಿಣ ಕೇಂದ್ರ ಅಲ್ಲೇ ಇದೆ. 1923ರಲ್ಲಿ ಆ ಸಂಸ್ಥೆ ಹುಟ್ಟಿದ್ದೇ ಬೆಂಗಳೂರಿನಲ್ಲಿ, ಆಮೇಲೆ ಕರ್ನಾಲ್‌ಗೆ ಹೋಯಿತು. 1927ರಲ್ಲಿ ಗಾಂಧೀಜಿ ಬೆಂಗಳೂರಿನಲ್ಲಿ ಆರೋಗ್ಯ ಸುಧಾರಿಸಿಕೊಳ್ಳುತ್ತಿದ್ದಾಗ ಅಲ್ಲಿಗೆ ಹೋಗಿ ಹಸು ಸಾಕಣೆ ಕಲಿತಿದ್ದರು. ನಿಮ್ಮ ಮನೆಯವರಿಗೆ ಇದನ್ನೂ ಹೇಳಿನೋಡಿ, ಬ್ಯಾರಿಸ್ಟರ್ ಓದಿದವರೂ ಕೊಟ್ಟಿಗೆಗೆ ಹೋಗಿದ್ದರು ಅಂತ. ಪಕ್ಕದಲ್ಲೇ ಪಶು ಆಹಾರ ಮತ್ತು ಶರೀರಕ್ರಿಯೆಯ ರಾಷ್ಟ್ರೀಯ ಸಂಸ್ಥೆ ಇದೆ. ನಮ್ಮ ವಿಷಯಕ್ಕೆ ದೇಶದಲ್ಲೇ ಹೆಸರಾದ ಜಾಗ.

ಅರ್ಜಿ ಹಾಕುವ ಮುಂಚೆ ಮಾತ್ರ ಒಂದು ಕೆಲಸ ಮಾಡಿ. ನಿಮ್ಮ ಕಾಲೇಜಿನಲ್ಲೇ ಈಗ ಥೀಸಿಸ್ ಮಾಡುತ್ತಿರುವ ಒಬ್ಬರನ್ನು ಹಿಡಿದು ತೂಕದ ದಿನ ಯಾವುದು ಅಂತ ಕೇಳಿ. ಅವತ್ತು ಬೆಳಿಗ್ಗೆ ಆರಕ್ಕೆ ಶೆಡ್ಡಿನ ಹತ್ತಿರ ಇರಿ, ಮರಿ ಹಿಡಿದುಕೊಡುತ್ತೇನೆ ಅನ್ನಿ. ಬೇಡ ಅಂತ ಯಾರೂ ಹೇಳುವುದಿಲ್ಲ. ಹಳೇ ಚಪ್ಪಲಿ ಹಾಕಿಕೊಂಡು ಹೋಗಿ.