ಸಂತೆಮಾಳ ಮಾರಿದ ಮೇಲೆ ಗಾಡಿ ಎಲ್ಲಿ ನಿಲ್ಲಿಸೋದು?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣ. ಮಾರ್ಕೆಟ್ ಹಿಂದೆ 20 ಗುಂಟೆ ಖಾಲಿ ಜಾಗ ಇದೆ. ಮೊದಲು ಸಂತೆಮಾಳ ಆಗಿತ್ತು, ಈಗ ಎಲ್ಲರೂ ಅಲ್ಲೇ ಗಾಡಿ ನಿಲ್ಲಿಸುತ್ತೇವೆ. ಪುರಸಭೆಯವರು ಅದನ್ನು ಮಾರುತ್ತಾರಂತೆ. ಕೊಂಡವರು ಕಾಂಪ್ಲೆಕ್ಸ್ ಕಟ್ಟಿ, ಅದರ ಕೆಳಗೆ ಸಾರ್ವಜನಿಕರಿಗೆ ಪಾರ್ಕಿಂಗ್ ಮಾಡಿಕೊಡುತ್ತಾರಂತೆ. ಅಂಗಡಿಯವರೆಲ್ಲ ಸಹಿ ಹಾಕಿ ಬೇಡ ಅಂತ ಅರ್ಜಿ ಕೊಟ್ಟೆವು. ಇಸಿದುಕೊಂಡರು, ಅಷ್ಟೇ. ಮುಂದೇನು ಮಾಡೋಣ?
ಕಿರಾಣಿ ಅಂಗಡಿಯವರು, ಮಂಡ್ಯ ಜಿಲ್ಲೆ

ಉತ್ತರ: ಅರ್ಜಿ ಕೊಟ್ಟಾಗ ಸ್ವೀಕೃತಿ ತಗೊಂಡಿರಾ? ಸೀಲು, ತಾರೀಖು, ಇನ್‌ವರ್ಡ್ ನಂಬರ್ ಇರುವ ಪ್ರತಿ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ನಾಳೆ ಬೆಳಿಗ್ಗೆಯೇ ಇನ್ನೊಂದು ಸಲ ಹೋಗಿ ಕೊಡಿ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ. ಒಂದು ಪ್ರತಿ ಮುಖ್ಯಾಧಿಕಾರಿಗೆ, ಒಂದು ಜಿಲ್ಲಾಧಿಕಾರಿಗೆ.

ಈಗ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ 'ಅಂತೆ' ಅನ್ನುವುದು ಎರಡು ಸಲ ಬಂದಿದೆ. ಮೊದಲು ಅದು ಹೋಗಬೇಕು. ಪುರಸಭೆ ತನ್ನ ಜಾಗವನ್ನು ಮಾರುವುದು ಅಂಗಡಿಯವರು ಸಾಮಾನು ಮಾರಿದ ಹಾಗಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 72ನೇ ಕಲಂ ನೋಡಿ. ಆಸ್ತಿ ಮಾರುವುದು, ಗುತ್ತಿಗೆ ಕೊಡುವುದು ಹೇಗೆ ಅಂತ ಅಲ್ಲಿದೆ. ಇಂಥ ಮಾರಾಟಕ್ಕೆ ಸಭೆಯ ನಿರ್ಣಯ ಬೇಕು, ಸರ್ಕಾರದ ಪೂರ್ವಾನುಮತಿಯೂ ಬೇಕು. ಹಾಗಾಗಿ ನೀವು ಕೇಳಬೇಕಾದ್ದು ಮೂರೇ ಮಾತು: ಯಾವ ತಾರೀಖಿನ ಸಭೆಯಲ್ಲಿ ಇದು ನಿರ್ಣಯವಾಯಿತು, ಸರ್ಕಾರಕ್ಕೆ ಪತ್ರ ಹೋಗಿದೆಯಾ, ಜಾಗಕ್ಕೆ ಬೆಲೆ ಕಟ್ಟಿದವರು ಯಾರು. ನಡವಳಿ ಪುಸ್ತಕದಲ್ಲಿ ವಿಷಯವೇ ಬಂದಿಲ್ಲ ಅಂದರೆ ನಿಮಗೆ ಇನ್ನೂ ಸಮಯ ಇದೆ. ಬಂದಿದ್ದರೆ ಯಾವ ಸದಸ್ಯರು ಏನು ಹೇಳಿದರು ಅನ್ನುವುದೂ ಅಲ್ಲೇ ಸಿಗುತ್ತದೆ. ನಿಮ್ಮ ವಾರ್ಡಿನ ಸದಸ್ಯರ ಹತ್ತಿರ ಮಾತಾಡಲು ಹೋಗುವಾಗ ಅದನ್ನು ಓದಿಕೊಂಡೇ ಹೋಗಿ.

ಆ ಜಾಗದ ಹುಟ್ಟನ್ನೂ ಹುಡುಕಿ. ಸಂತೆಮಾಳ ಆಗಿತ್ತು ಅಂತ ಬರೆದಿದ್ದೀರಿ, ಇದು ಸಣ್ಣ ಮಾತಲ್ಲ. ನಮ್ಮ ಕಡೆ ಎಷ್ಟೋ ಊರಲ್ಲಿ ಸಂತೆಗೆ, ದನಗಳ ಜಾತ್ರೆಗೆ ಅಂತ ಹಿಂದಿನವರು ಜಾಗ ಬಿಟ್ಟುಕೊಟ್ಟಿರುತ್ತಾರೆ. ಕೆಲವು ಕಡೆ ದಾನಪತ್ರವೇ ಇರುತ್ತದೆ. ಹಳೇ ಪಹಣಿ, ಆಕಾರ್‌ಬಂದು (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದಿಟ್ಟ ದಾಖಲೆ), ಸರ್ವೆ ನಕ್ಷೆ ತೆಗೆಸಿ. ಇಂಥ ಉದ್ದೇಶಕ್ಕೇ ಕೊಟ್ಟ ಜಾಗ ಅಂತ ಒಂದು ಸಾಲು ಸಿಕ್ಕರೂ ನಿಮ್ಮ ತಕರಾರಿಗೆ ದೊಡ್ಡ ಬಲ ಬರುತ್ತದೆ. ಊರಿನ ಎಂಬತ್ತು ದಾಟಿದ ಹಿರಿಯರನ್ನು ಕೂರಿಸಿಕೊಂಡು ಒಂದು ಸಂಜೆ ಕೇಳಿ. ಯಾರ ಹೊಲ ಆಗಿತ್ತು ಅಂತ ಅವರಿಗೆ ಗೊತ್ತಿರುತ್ತದೆ.

ನೆಲಮಾಳಿಗೆಯ ಪಾರ್ಕಿಂಗ್ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು. ಎಲ್ಲ ಕಡೆ ಜನ ಸುಮ್ಮನಾಗುವುದು ಈ ಒಂದು ಮಾತಿಗೇ. ಲೆಕ್ಕ ಹಾಕಿ. ಒಂದು ಕಾರು ನಿಲ್ಲಲು ಸುಮಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ತಿರುಗಿಸುವ ದಾರಿ ಸೇರಿಸಿದರೆ ಒಂದು ಕಾರಿಗೆ ಹತ್ತಿರ ಹತ್ತಿರ 25 ಚದರ ಮೀಟರ್. ನಿಮ್ಮ 20 ಗುಂಟೆ ಅಂದರೆ ಅರ್ಧ ಎಕರೆ, ಸುಮಾರು 2,000 ಚದರ ಮೀಟರ್. ಬಯಲಲ್ಲಿ ಸರಿಯಾಗಿ ನಿಲ್ಲಿಸಿದರೆ 80 ಕಾರು. ಅದೇ ಜಾಗದಲ್ಲಿ ಕಟ್ಟಡ ಎದ್ದರೆ ಸುತ್ತ ಸೆಟ್‌ಬ್ಯಾಕ್ ಅಂತ ಖಾಲಿ ಜಾಗ ಬಿಡಬೇಕು. ಇಳಿಯುವ ಹತ್ತುವ ರ‍್ಯಾಂಪ್ ಒಂದಿಷ್ಟು ತಿನ್ನುತ್ತದೆ, ಕಂಬಗಳು ಒಂದಿಷ್ಟು, ಲಿಫ್ಟು, ಜನರೇಟರ್, ನೀರಿನ ತೊಟ್ಟಿ ಇನ್ನೊಂದಿಷ್ಟು. ಇನ್ನೊಂದು ಮುಖ್ಯ ಮಾತು, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಮೇಲೆ ಬರುವ ಅಂಗಡಿ, ಆಫೀಸುಗಳಿಗೆ ಕಟ್ಟಡದ ನಿಯಮದ ಪ್ರಕಾರ ಅವರದೇ ಪಾರ್ಕಿಂಗ್ ಕೊಡಲೇಬೇಕು. ಕೆಳಗಿನ ಜಾಗ ಮೊದಲು ಅದಕ್ಕೆ ಹೋಗುತ್ತದೆ. ಊರಿನವರಿಗೆ ಉಳಿಯುವುದು ಎಷ್ಟು? ಈ ಅಂಕಿಯನ್ನು ಬರವಣಿಗೆಯಲ್ಲಿ ಕೇಳಿ.

ಸಂತೆ ದಿನ ನಿಮ್ಮ ಜಾಗದಲ್ಲಿ ಬರೀ ಕಾರು ನಿಲ್ಲುತ್ತವಾ? ನಾನು ಇಂಥದೇ ಒಂದು ಜಾಗದಲ್ಲಿ ಬೆಳಿಗ್ಗೆ ಐದೂವರೆಗೆ ನಿಂತು ನೋಡಿದ್ದೇನೆ. ಟೊಮೆಟೊ ಕ್ರೇಟನ್ನು ತಲೆಮಟ್ಟಕ್ಕಿಂತ ಎತ್ತರ ಜೋಡಿಸಿದ ಲಗೇಜ್ ಆಟೋಗಳು ಹೊಂಗೆ ಮರದ ಕೆಳಗೆ ಸಾಲಾಗಿ ನಿಂತಿದ್ದವು. ಒಬ್ಬ ಹೆಂಗಸು ಸೊಪ್ಪಿನ ಕಟ್ಟುಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಚಕ್ರದ ಪಕ್ಕದಲ್ಲೇ ಕೂತು ಟೀಗೆ ಬನ್ನು ಅದ್ದಿ ತಿನ್ನುತ್ತಿದ್ದರು. ಮೊದಲ ಬಸ್ಸು ಬರುವ ಮೊದಲೇ ಅವರು ಹೊರಡಬೇಕು, ಮನೆಯಲ್ಲಿ ಹಸು ಕರೆಯೋದಿದೆ ಅಂದರು. ಆ ಆಟೋಗಳು ತಗ್ಗು ಸೂರಿನ ನೆಲಮಾಳಿಗೆಗೆ ಇಳಿಯುವುದಿಲ್ಲ. ಇಳಿದರೂ ಒಬ್ಬರೇ ಹೆಂಗಸು ಆ ಮೂಟೆಯನ್ನು ಮೆಟ್ಟಿಲ ಮೇಲೆ ಹೊತ್ತು ತರಬೇಕು. ಅವರು ಎಲ್ಲಿ ನಿಲ್ಲಿಸುತ್ತಾರೆ? ರಸ್ತೆಯಲ್ಲೇ. ಅಲ್ಲಿ ಪೊಲೀಸರು ದಂಡ ಹಾಕುತ್ತಾರೆ. ಎರಡು ಸಲ ದಂಡ ಕಟ್ಟಿದವರು ಮೂರನೇ ಸಲ ನಿಮ್ಮ ಊರಿಗೆ ಬರುವುದಿಲ್ಲ, ಬೇರೆ ಸಂತೆಗೆ ಹೋಗುತ್ತಾರೆ. ನಿಮ್ಮ ಅಂಗಡಿಯ ವ್ಯಾಪಾರ ಅವರ ಜೊತೆಯಲ್ಲೇ ಹೋಗುತ್ತದೆ, ಯಾಕಂದರೆ ಸೊಪ್ಪು ಮಾರಿದ ದುಡ್ಡಲ್ಲೇ ಅವರು ಬೇಳೆ, ಎಣ್ಣೆ, ಸೋಪು ಕೊಳ್ಳೋದು.

ಮೈಸೂರಿನವರನ್ನು ಕೇಳಿ ನೋಡಿ. ದಿವಾನ್ ರಂಗಾಚಾರ್ಲು ಅವರ ನೆನಪಿಗೆ 1884ರಲ್ಲಿ ಕಟ್ಟಿದ ಪುರಭವನದ ಆವರಣದಲ್ಲಿ ನೆಲದಡಿಯ ಪಾರ್ಕಿಂಗ್ ಕೆಲಸ ಶುರುವಾಗಿ ಹತ್ತು ವರ್ಷಕ್ಕೂ ಜಾಸ್ತಿ ಎಳೆಯಿತು. ಅದು ಊರಿನದೇ ಜಾಗ, ಮಾರಿದ್ದಲ್ಲ. ಹಾಗಿದ್ದೂ ಹೀಗಾಯಿತು. ಜಾಗ ಕೈಬಿಟ್ಟ ಮೇಲೆ 'ಮಾಡಿಕೊಡುತ್ತೇವೆ' ಅನ್ನುವ ಮಾತನ್ನು ನಂಬಿ ಕೂರುವುದು ನನಗಂತೂ ಸರಿ ಕಾಣುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು: ಆ ಜಾಗದಲ್ಲಿ ಏನು ಬೇಕಾದರೂ ಬದಲಾಗಲಿ, ಒಡೆತನ ಮಾತ್ರ ಬದಲಾಗಬಾರದು. ನೆಲ ಗಟ್ಟಿ ಮಾಡಿಸಲಿ, ದೀಪ ಹಾಕಿಸಲಿ, ಹೆಂಗಸರಿಗೆ ಶೌಚಾಲಯ ಕಟ್ಟಿಸಲಿ, ಟಿಕೆಟ್ ಇಡಲಿ. ಪಕ್ಕದಲ್ಲಿ ಹತ್ತು ಮಳಿಗೆ ಕಟ್ಟಿ ಬಾಡಿಗೆಗೆ ಕೊಟ್ಟರೂ ನನ್ನ ತಕರಾರಿಲ್ಲ. ಬಾಡಿಗೆ ವರ್ಷ ವರ್ಷ ಬರುತ್ತದೆ. ಮಾರಿದ ದುಡ್ಡು ಒಂದೇ ಸಲ ಬರುತ್ತದೆ, ಹಳೇ ಬಾಕಿ, ಕರೆಂಟ್ ಬಿಲ್ಲು, ಗುತ್ತಿಗೆದಾರರ ಬಿಲ್ಲು ಅಂತ ಒಂದೆರಡು ವರ್ಷದಲ್ಲಿ ಕರಗುತ್ತದೆ. ಆಮೇಲೆ ಮಾರ್ಕೆಟ್ ಹತ್ತಿರ ಅರ್ಧ ಎಕರೆ ಕೊಳ್ಳುತ್ತೇವೆ ಅಂದರೆ ಯಾವ ಪುರಸಭೆಗೆ ಆಗುತ್ತೆ ಹೇಳಿ?

ಪ್ರಶ್ನೆ: ಪಾರ್ಕಿಂಗ್ ಜಾಗ ಉಳಿಸಿ ಅನ್ನುವುದು ಕಾರಿನವರ ಹೋರಾಟ ಅಲ್ವಾ? ಊರ ಮಧ್ಯೆ ಅಷ್ಟು ಬೆಲೆಬಾಳುವ ಜಾಗವನ್ನು ಕಾರು ನಿಲ್ಲಿಸೋಕೆ ಯಾಕೆ ಇಟ್ಟುಕೊಳ್ಳಬೇಕು? ಬಸ್ಸಲ್ಲಿ ಬರಲಿ.
ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ನಿಮ್ಮ ಮಾತಲ್ಲಿ ಅರ್ಧ ಒಪ್ಪುತ್ತೇನೆ. ದೇವರಾಜ ಮಾರ್ಕೆಟ್ಟಿಗೆ ಹೂವು ತರಲು ನಾನೂ ಸಿಟಿ ಬಸ್ಸಲ್ಲೇ ಹೋಗುತ್ತೇನೆ. ಸಯ್ಯಾಜಿರಾವ್ ರಸ್ತೆಯಲ್ಲಿ ಗೌರಿ ಹಬ್ಬದ ಹಿಂದಿನ ದಿನ ಕಾರು ತಂದವರ ಪಾಡು ನೋಡಿದರೆ ಸಾಕು. ಬಸ್ಸು ಜಾಸ್ತಿ ಆಗಲಿ, ಕಾರು ಕಡಿಮೆ ಆಗಲಿ, ಇದು ನನ್ನದೂ ಆಸೆ.

ಆದರೆ ನಾಳೆ ಕಾರು ಕಡಿಮೆ ಆದರೆ ಆ ಜಾಗ ಏನಾಗಬೇಕು? ಮಕ್ಕಳು ಆಡಲಿ, ಸಂತೆ ಮತ್ತೆ ಕೂರಲಿ, ಬಸ್ ನಿಲ್ದಾಣವೇ ಬರಲಿ. ಅದನ್ನು ತೀರ್ಮಾನ ಮಾಡುವ ಹಕ್ಕು ಊರಿನ ಕೈಯಲ್ಲಿ ಉಳಿದಿರಬೇಕಾದರೆ ಜಾಗ ಊರಿನ ಹೆಸರಲ್ಲಿ ಇರಬೇಕು. ಮಾರಿದ ಜಾಗದಲ್ಲಿ ಬರುವುದು ಬಸ್ ನಿಲ್ದಾಣ ಅಲ್ಲ, ಇನ್ನೂ ನೂರು ಕಾರು ಕರೆತರುವ ಕಾಂಪ್ಲೆಕ್ಸ್. ಇನ್ನು ಬಸ್ಸಿನ ಮಾತು. ನಾಗಮಂಗಲದ ಕಡೆಯ ಒಂದು ಸಣ್ಣ ಹಳ್ಳಿಯಿಂದ ಕಾಯಿಲೆಯ ಅಪ್ಪನನ್ನೋ, ಎರಡು ಮೂಟೆ ರಾಗಿಯನ್ನೋ ಕರೆತರುವವರಿಗೆ ಹೊತ್ತಿಗೆ ಸರಿಯಾಗಿ ಬಸ್ ಇರುವುದಿಲ್ಲ. ಅವರು ಬೈಕಲ್ಲೋ ಆಟೋದಲ್ಲೋ ಬರಲೇಬೇಕು.

ಪ್ರಶ್ನೆ: ಬೇಡ ಅಂದಿದ್ದಕ್ಕೆ ನಮ್ಮನ್ನು ಅಭಿವೃದ್ಧಿ ವಿರೋಧಿಗಳು ಅಂತಾರೆ. ಕೋರ್ಟಿಗೆ ಹೋದರೆ ಪ್ರಯೋಜನ ಇದೆಯಾ?
ಪದವಿ ವಿದ್ಯಾರ್ಥಿ, ಮಂಡ್ಯ

ಉತ್ತರ: ಅನ್ನಲಿ ಬಿಡಿ. ಲಖನೌದ ಅಮೀನಾಬಾದಿನಲ್ಲಿ ಒಂದು ಸಾರ್ವಜನಿಕ ಉದ್ಯಾನ ಇತ್ತು. ಅದರ ನೆಲದಡಿ ಅಂಗಡಿ ಸಂಕೀರ್ಣ ಕಟ್ಟಲು ಅಲ್ಲಿನ ಪಾಲಿಕೆ ಟೆಂಡರ್ ಕರೆಯದೆ ಒಬ್ಬ ಬಿಲ್ಡರ್‌ಗೆ ಕೊಟ್ಟಿತು. ಕಟ್ಟಡವೂ ಎದ್ದಿತು. 1999ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಡೆದು ಉದ್ಯಾನವನ್ನು ಮೊದಲಿನ ಹಾಗೆ ಮಾಡಿ ಅಂತ ಹೇಳಿತು. ಸಾರ್ವಜನಿಕ ಜಾಗವನ್ನು ಜನರ ಪರವಾಗಿ ನೋಡಿಕೊಳ್ಳುವ ಜವಾಬ್ದಾರಿ ಪಾಲಿಕೆಯದು ಅನ್ನುವುದು ಆ ತೀರ್ಪಿನ ಒಳಗಿನ ಮಾತು. ಉದ್ಯಾನಕ್ಕೆ ಕಾನೂನಿನ ರಕ್ಷಣೆ ಜಾಸ್ತಿ, ಬರೀ ಪಾರ್ಕಿಂಗ್ ಜಾಗಕ್ಕೆ ಅಷ್ಟಿಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಹಾಗಾಗಿ ಕೋರ್ಟು ಕೊನೆಗೆ ಇರಲಿ. ಮಾಸ್ಟರ್ ಪ್ಲ್ಯಾನಿನಲ್ಲಿ ಆ ಜಾಗ ಯಾವ ಬಣ್ಣದಲ್ಲಿದೆ, ಅಂದರೆ ಯಾವ ಬಳಕೆಗೆ ಗುರುತಾಗಿದೆ ಅಂತ ಮೊದಲು ನೋಡಿ. ಸಾರ್ವಜನಿಕ ಬಳಕೆಯಿಂದ ವಾಣಿಜ್ಯಕ್ಕೆ ಬದಲಾಯಿಸಬೇಕಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಂ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಆ ಪ್ರಕಟಣೆ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ದಿನಾ ಪೇಪರ್ ನೋಡಲು ನಿಮ್ಮ ಸ್ನೇಹಿತರಲ್ಲಿ ಒಬ್ಬರಿಗೆ ವಹಿಸಿ. ಹೇಳಿದ ದಿನದ ಒಳಗೆ ಆಕ್ಷೇಪಣೆ ಹೋಗಲೇಬೇಕು.

ಪ್ರಶ್ನೆ: ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೆ. 'ಅಸ್ಪಷ್ಟ' ಅಂತ ಹಿಂಬರಹ ಕೊಟ್ಟರು. ಹೇಗೆ ಬರೆಯಬೇಕು?
ಆಟೋ ಚಾಲಕರು, ಮೈಸೂರು

ಉತ್ತರ: 'ಯಾಕೆ ಮಾರುತ್ತಿದ್ದೀರಿ' ಅಂತ ಕೇಳಿದ್ದಿರಬಹುದು. ಹಾಗೆ ಕೇಳಬೇಡಿ, ಕಾಗದ ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ಸರ್ವೆ ನಂಬರ್ ಹಾಕಿ, 'ಈ ಜಾಗದ ವಿಲೇವಾರಿ ಬಗ್ಗೆ ಇರುವ ಕಡತದ ಟಿಪ್ಪಣಿ ಹಾಳೆ, ಸಭಾ ನಡವಳಿ, ಮೌಲ್ಯಮಾಪನ ವರದಿ, ಸರ್ಕಾರದ ಜೊತೆಗಿನ ಪತ್ರವ್ಯವಹಾರದ ದೃಢೀಕೃತ ಪ್ರತಿ ಕೊಡಿ' ಅಂತ ಬರೆದರೆ ಸಾಕು. ಕಡತ ಪರಿಶೀಲನೆಗೂ ಅವಕಾಶ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದಿದ್ದು ಸರಿ ಇಲ್ಲದಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ನಿಮ್ಮ ಹಿಂಬರಹದ ತಾರೀಖು ನೋಡಿಕೊಳ್ಳಿ, 30 ದಿನ ಇನ್ನೂ ಮುಗಿಯದಿದ್ದರೆ ಅದರ ಮೇಲೆಯೇ ಮೇಲ್ಮನವಿ ಹಾಕಬಹುದು. ಸೋಮವಾರವೇ ಹೋಗಿ.