ಫೋಟೋ ತಗೊಳ್ಳೋಕೆ ಯಾರನ್ನ ಕೇಳ್ಬೇಕಿತ್ತು?

ಮಂಡ್ಯ ಕಡೆಯ ಹುಡುಗ, 26 ವರ್ಷ, ಟೀವಿ ಚಾನೆಲ್ ಒಂದಕ್ಕೆ ಸ್ಟ್ರಿಂಗರ್, ಅಂದ್ರೆ ಕಾಯಂ ಅಲ್ಲದ ಊರ ವರದಿಗಾರ. ಗುರುತು ಸಿಗಬಾರ್ದು ಅಂತ ವಿವರ ಬದಲಾಯ್ಸಿದೀನಿ, ಬರೆಯೋಕೆ ಅವರು ಒಪ್ಪಿದಾರೆ. ಮೈಸೂರಿನ ನನ್ನ ಕೌನ್ಸೆಲಿಂಗ್ ರೂಮಲ್ಲಿ ಫೋನ್ ಬೋರಲು ಹಾಕಿ ಕೂತಿದ್ರು, ಅದು ಗುರ್ ಅಂದಾಗೆಲ್ಲ ಬೆಚ್ಚಿ ಬೀಳೋರು. ಮೂರು ವಾರದಿಂದ ನಿದ್ದೆ ಇಲ್ಲ.

ಸಾಲಕ್ಕೆ ಹೆದರಿ ಜೀವ ಕಳ್ಕೊಂಡ ಕಬ್ಬು ಬೆಳೆಗಾರರ ಮನೆಗೆ ಹೋಗಿದ್ರಂತೆ, ಫೋಟೋ ತಗೊಳ್ಲಾ ಅಂತ ಅವರ ಮಗಳ ದೊಡ್ಡಪ್ಪನ್ನ ಕೇಳಿದ್ದಕ್ಕೆ "ತಕ್ಕೋ ಮಗ, ಟೀವೀಲಿ ಬಂದ್ರೆ ಪರಿಹಾರಕ್ಕೆ ಅನುಕೂಲ ಆಯ್ತದೆ" ಅಂದ್ರಂತೆ. 8ನೇ ಕ್ಲಾಸಿನ ಮಗಳನ್ನ ಸ್ಕೂಲಿಂದ ಹಾಗೇ ಕರ್ಕೊಂಡ್ಬಂದಿದ್ರು, ಯೂನಿಫಾರಂನಲ್ಲೇ ಅಪ್ಪನ ಪಕ್ಕ ಕೂತಿತ್ತು, ಒಂದು ಜಡೆ ಬಿಚ್ಚಿ ಟೇಪು ಭುಜದ ಮೇಲೆ ನೇತಾಡ್ತಿತ್ತು. ಆ ಫೋಟೋನೇ ಎಲ್ಲಾ ಕಡೆ ಓಡ್ತು. ಮಗು ಈಗ ಸ್ಕೂಲಿಗೇ ಹೋಗ್ತಿಲ್ಲ.

ಆಮೇಲೆ ಜರ್ಮನಿಯ ಪತ್ರಕರ್ತರ ಟೀಮ್ ಒಂದಕ್ಕೆ ದುಭಾಷಿಯಾಗಿ ಹೋದಾಗ, ಅವರು ಬೇರೊಂದು ಮನೆಯ ಹೆಂಗಸನ್ನ ಒಬ್ಬರನ್ನೇ ಕೂರಿಸಿ ಕೇಳಿ, ಹೆಸರು ಮುಖ ಎರಡೂ ಕೈಬಿಟ್ರಂತೆ. ಅಲ್ಲಿನ ಪ್ರೆಸ್ ಕೌನ್ಸಿಲ್ ಸಂಹಿತೆಯ 8ನೇ ಭಾಗದಲ್ಲೇ ಆತ್ಮಹತ್ಯೆ ಸುದ್ದೀಲಿ ಸಂಯಮ ಇರ್ಬೇಕು ಅಂತಿದೆ. "ಅವರಿಗಿರೋ ಮನುಷ್ಯತ್ವ ನಂಗಿಲ್ವಾ ಮೇಡಂ?" ಅಂತ ಅತ್ತೇಬಿಟ್ರು.

ನಾನು ಅದನ್ನ ಒಪ್ಲಿಲ್ಲ. ನಮ್ಮಲ್ಲಿ ಸಾವಿನ ಮನೆ ಬಾಗಿಲು ಹಾಕಲ್ಲ, ಊರೇ ಬರುತ್ತೆ, ರೈತ ಆತ್ಮಹತ್ಯೆ ಅಂತ ಸಮಿತಿ ಒಪ್ಪಿದ್ರೆ ಸರ್ಕಾರದ 5 ಲಕ್ಷ ಇದೆ, ಹೆಸರು ಸುದ್ದೀಲಿ ಬಂದ್ರೆ ಅಧಿಕಾರಿಗಳು ಬೇಗ ಬರ್ತಾರೆ ಅಂತ ಮನೆಯವ್ರೇ ನಂಬ್ತಾರೆ. ಆ ದೊಡ್ಡಪ್ಪನ ಲೆಕ್ಕ ಮನೆ ಉಳಿಸೋ ಲೆಕ್ಕ. ಆದ್ರೆ ದೊಡ್ಡಪ್ಪ ಹೂಂ ಅಂದ ಮಾತ್ರಕ್ಕೆ ಆ ಮಗು, ಆ ತಾಯಿ ಹೂಂ ಅಂದ ಹಾಗಾಗುತ್ತಾ? ಆತ್ಮಹತ್ಯೆ ಸುದ್ದೀಲಿ ಫೋಟೋ ಬೇಡ ಅಂತ ನಮ್ಮ ಪ್ರೆಸ್ ಕೌನ್ಸಿಲ್ಲೇ 2019ರಲ್ಲಿ ಹೇಳಿದೆ, ಇದು ಜರ್ಮನಿಯವರಿಂದ ಕಲೀಬೇಕಾದ್ದೇನಲ್ಲ.

ಹೇಳಿದ್ದು ಇಷ್ಟು. ಮೊದ್ಲು ಚಾನೆಲ್ ಡೆಸ್ಕಿಗೆ ಬರೆದು ಆ ಫೋಟೋನ ಪೇಜಿಂದ ತೆಗ್ಸಿಹಾಕಿ. ತಿಥಿ ಮುಗಿದು ಜನ ಕಡಿಮೆ ಆಗಿದಾರೆ, ಈಗ ಹೋಗಿ, ಕ್ಯಾಮೆರಾ ಬೇಡ, ತಾಯಿ ಹತ್ರ ಮಾತಾಡಿ, ಆದ್ರೆ "ಕ್ಷಮಿಸಿದೀನಿ" ಅಂತ ಅವರ ಬಾಯಲ್ಲಿ ಹೇಳಿಸೋಕೆ ಹೋಗ್ಬೇಡಿ, ನಿಮ್ಮ ಭಾರ ಇಳಿಸೋ ಕೆಲಸ ಅವರದ್ದಲ್ಲ, ಅದಕ್ಕೆ ನಾನಿದೀನಿ. ರಾತ್ರಿ ಫೋನ್ ಬೇರೆ ರೂಮಲ್ಲಿಡಿ, ತೀರಾ ಕಷ್ಟ ಆದ್ರೆ ಯಾವ ಹೊತ್ತಲ್ಲಾದ್ರೂ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕಾಲ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ಎರಡು ವಾರದಲ್ಲಿ ನಿದ್ದೆ ಸರಿಹೋಗ್ದಿದ್ರೆ ಸೈಕಿಯಾಟ್ರಿಸ್ಟ್ ಹತ್ರ ಹೋಗೋಣ ಅಂದೆ.

ಹೋಗಿ ಬಂದ್ರು. ಆ ತಾಯಿ "ಅವ್ರ ಹೆಸ್ರು ಇರ್ಲಿ, ಸುಳ್ಳಲ್ವಲ್ಲ, ಮಗೀದು ತೆಗ್ಸಪ್ಪ" ಅಂದ್ರಂತೆ. ಚಾನೆಲ್ ಪೇಜಿಂದ ತೆಗೆದ್ರು, ವಾಟ್ಸಾಪಲ್ಲಿ ಇನ್ನೂ ಓಡಾಡ್ತಿದೆ. ಮುಂದಿನ ವಾರ ತಾಯಿ ಮಗಳನ್ನ ಕರ್ಕೊಂಡು ಬರ್ತಾರೆ.