ಅಡುಗೆ ಪ್ರಶ್ನೋತ್ತರ: ಇರಾನಿನ ಆಶ್ ರೆಷ್ತೆ

ಪ್ರಶ್ನೆ: ಕಾಳು, ಸೊಪ್ಪು ಹಾಕಿ ಮಾಡುವ ಇರಾನಿನ ಆಶ್ ರೆಷ್ತೆ ಮಾಡಿದೆ. ಸ್ಪಗೆಟಿ ಬೇರೆ ಬೇಯಿಸಿ, ನೀರು ಬಸಿದು ಕೊನೆಗೆ ಸೇರಿಸಿದೆ. ಕಾಳು ತಳಕ್ಕೆ, ಸೊಪ್ಪು ಮೇಲಕ್ಕೆ, ನಡುವೆ ತಿಳಿನೀರು. ಎಲ್ಲಿ ತಪ್ಪಿತು?
– ಓದುಗರು, ಮೈಸೂರು

ಉತ್ತರ: ನೀವು ಬಸಿದು ಚೆಲ್ಲಿದ ನೀರೇ ಆಶ್ ಅನ್ನು ಗಟ್ಟಿ ಮಾಡಬೇಕಿತ್ತು. ರೆಷ್ತೆ ಎಂದರೆ ಗೋಧಿ ಹಿಟ್ಟಿನ ಚಪ್ಪಟೆ ಎಳೆ. ಅದರ ಮೈಗೆ ಹತ್ತಿದ ಹಿಟ್ಟು ಬೇಯುತ್ತಾ ಕಾಳು, ಸೊಪ್ಪು ಎಲ್ಲವನ್ನೂ ಕೂಡಿಸುತ್ತದೆ. ಆಶ್ ಸಾರಲ್ಲ, ಹುಳಿಗಿಂತ ಗಟ್ಟಿ, ಬಿಸಿಬೇಳೆ ಬಾತಿಗಿಂತ ತುಸು ಸಡಿಲ. ರೆಷ್ತೆ ಸಿಗದಿದ್ದರೆ ಲಿಂಗ್ವಿನಿ ಎಂಬ ಚಪ್ಪಟೆ ಪಾಸ್ತಾ ತನ್ನಿ. ಅದು ಹಿಟ್ಟು ಬಿಡುವುದು ಕಡಿಮೆ, ಹಾಗಾಗಿ 1 ದೊಡ್ಡ ಚಮಚ ಗೋಧಿ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ ಹಾಕಿ. ನಮ್ಮ ಹುರಿದ ಶಾವಿಗೆ ಬೇಡ, ನೋಡನೋಡುತ್ತಲೇ ಮುದ್ದೆಯಾಗುತ್ತದೆ. ಅಕ್ಕಿಯ ಒತ್ತು ಶಾವಿಗೆಯಂತೂ ಬೇಡವೇ ಬೇಡ.

ಆರು ಜನಕ್ಕೆ ಅರ್ಧ ಕಪ್ ಕಾಬೂಲಿ ಕಡಲೆ, ಅರ್ಧ ಕಪ್ ರಾಜ್ಮಾ ರಾತ್ರಿಯೇ ನೆನೆಹಾಕಿ. ನೆನೆದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಕುಕ್ಕರ್ ಇಲ್ಲದವರು ರಾಜ್ಮಾವನ್ನು ಮೊದಲ 10 ನಿಮಿಷ ಕೊತಕೊತ ಕುದಿಸಲೇಬೇಕು. ಅರೆಬೆಂದ ರಾಜ್ಮಾ ವಾಂತಿ, ಭೇದಿ ತರುತ್ತದೆ. ದೊಡ್ಡ ಪಾತ್ರೆಯಲ್ಲಿ 2 ಈರುಳ್ಳಿ ಹುರಿದು, 1 ಚಮಚ ಅರಿಸಿನ, ಬೆಂದ ಕಾಳು, ಸಿಪ್ಪೆ ಸಹಿತದ ಅರ್ಧ ಕಪ್ ಇಡಿ ಮಸೂರ್, 10 ಕಪ್ ನೀರು ಹಾಕಿ 20 ನಿಮಿಷ ಕುದಿಸಿ. ಮಸೂರನ್ನು ಕುಕ್ಕರಿಗೆ ಹಾಕಿದರೆ ಕರಗಿಹೋಗುತ್ತದೆ.

ಆಮೇಲೆ ಸೊಪ್ಪು: ಪಾಲಕ್ 300 ಗ್ರಾಂ, ಪಾರ್ಸ್ಲಿ, ಕೊತ್ತಂಬರಿ, ಈರುಳ್ಳಿ ಸೊಪ್ಪಿನ ಹಸಿರು ಭಾಗ ತಲಾ 150 ಗ್ರಾಂ. ಇರಾನಿನಲ್ಲಿ ಹಾಕುವುದು ‘ತರೆ’ ಎಂಬ ಸೊಪ್ಪು, ಅದಕ್ಕೆ ಬದಲು ನಮ್ಮ ಈರುಳ್ಳಿ ಸೊಪ್ಪು ಸಾಕು. ರಾಶಿ ನೋಡಿ ಹೆದರಬೇಡಿ, ಹತ್ತು ನಿಮಿಷದಲ್ಲಿ ಕುಗ್ಗುತ್ತದೆ. ಮುಕ್ಕಾಲು ಗಂಟೆ ಸಣ್ಣ ಉರಿ ಕೊಡಿ. ಹಸಿರು ಮಂಕಾಗಿ ಕಡುಬಣ್ಣಕ್ಕೆ ತಿರುಗಬೇಕು. ಕಣ್ಣಿಗೆ ಚೆಂದ ಎಂದು ಬೇಗ ಇಳಿಸಿದರೆ ಹಸಿ ವಾಸನೆ ಹೋಗುವುದಿಲ್ಲ. ಕೊನೆಗೆ 200 ಗ್ರಾಂ ರೆಷ್ತೆಯನ್ನು ಎರಡಾಗಿ ಮುರಿದು ಉದುರಿಸಿ, ಮುಚ್ಚಳ ಹಾಕದೆ, ತಳ ಹಿಡಿಯದಂತೆ ಕೈಯಾಡಿಸುತ್ತಾ ಮೆತ್ತಗಾಗುವವರೆಗೆ ಬೇಯಿಸಿ.

ಪ್ರಶ್ನೆ: ಇರಾನಿ ಅಂಗಡಿಯಿಂದಲೇ ರೆಷ್ತೆ, ಆಶ್‌ಗೆ ಬೆರೆಸುವ ಕಶ್ಕ್ (ಮೊಸರು, ಮಜ್ಜಿಗೆಯಿಂದ ಮಾಡುವ ಹುಳಿ ಪದಾರ್ಥ) ತಂದೆ. ಅಳತೆ ಪ್ರಕಾರವೇ ಉಪ್ಪು ಹಾಕಿದರೂ ಬಾಯಿಗಿಡಲಾಗಲಿಲ್ಲ.
– ಕನ್ನಡಿಗ ಓದುಗರು, ದುಬೈ

ಉತ್ತರ: ರೆಷ್ತೆಯ ಹಿಟ್ಟಿಗೇ ಉಪ್ಪು ಬೆರೆಸಿ ಕಲಸಿರುತ್ತಾರೆ, ಕಶ್ಕ್ ಕೂಡ ಉಪ್ಪುಪ್ಪು. ಇವೆರಡೂ ಬೆರೆತ ಮೇಲೆ ರುಚಿ ನೋಡಿ, ಬೇಕಾದರಷ್ಟೇ ಉಪ್ಪು ಹಾಕಿ. ಎಷ್ಟೋ ಸಲ ಬೇಕಾಗುವುದೇ ಇಲ್ಲ. ಬಿಡಿಯಾಗಿ ಮಾರುವ, ಪಾಶ್ಚರೀಕರಿಸದ ಕಶ್ಕ್ ಆದರೆ ನೀರು ಬೆರೆಸಿ 10 ನಿಮಿಷ ಚೆನ್ನಾಗಿ ಕುದಿಸಿಯೇ ಬಳಸಿ. ಬಾಟ್ಯುಲಿಸಂ ಎಂಬ ಮಾರಕ ವಿಷದ ಭಯವಿದೆ, ಇದರಲ್ಲಿ ಉದಾಸೀನ ಬೇಡ.

ಊರಿನಲ್ಲಿ ಕಶ್ಕ್ ಸಿಗದವರು ಹುಳಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೀರಿಳಿಸಿ, ಉಪ್ಪು ಕಲಸಿ, ಒಲೆ ಆರಿಸಿದ ಮೇಲೆ ಬೆರೆಸಬಹುದು. ಕುದಿಯುವ ಪಾತ್ರೆಗೆ ಸುರಿದರೆ ಒಡೆಯುತ್ತದೆ. ಹುಳಿ ಹೊಂದುತ್ತದೆ, ಕಶ್ಕ್‌ನ ಚೀಸ್‌ನಂಥ ಘಾಟು ಮಾತ್ರ ಬರುವುದಿಲ್ಲ.

ಪ್ರಶ್ನೆ: ಮೇಲೆ ಹಾಕುವ ಪುದೀನ ಒಗ್ಗರಣೆ ಪ್ರತಿ ಸಲ ಕಹಿ.
– ಓದುಗರು, ಶಿವಮೊಗ್ಗ

ಉತ್ತರ: ಪುದೀನ ಸೀಯುತ್ತಿದೆ. ಇದಕ್ಕೆ ಒಣ ಪುದೀನವೇ ಬೇಕು. ಹಸಿ ಎಲೆ ಎಣ್ಣೆಯಲ್ಲಿ ಸಿಡಿದು ಕಪ್ಪಾಗುತ್ತದೆ. ನೆರಳಿನಲ್ಲಿ ಒಣಗಿಸಿದ ಎಲೆಯನ್ನು ಅಂಗೈಯಲ್ಲಿ ಉಜ್ಜಿ 2 ದೊಡ್ಡ ಚಮಚ ಪುಡಿ ಮಾಡಿಕೊಳ್ಳಿ. 4 ಚಮಚ ಎಣ್ಣೆ ಕಾಯಿಸಿ, ಒಲೆ ಆರಿಸಿ, ಒಂದು ನಿಮಿಷ ಬಿಟ್ಟು ಪುದೀನ ಹಾಕಿ. ನೊರೆಯೆದ್ದು ಘಮ್ಮೆಂದ ಕೂಡಲೇ, ಹತ್ತು ಸೆಕೆಂಡೂ ಕಾಯದೆ, ತಣ್ಣನೆಯ ಬಟ್ಟಲಿಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಸೀಯುತ್ತದೆ. ಬೆಳ್ಳುಳ್ಳಿಯನ್ನೂ ಹೊಂಬಣ್ಣ ಬರುವಾಗಲೇ ತೆಗೆಯಿರಿ. ಬಡಿಸುವಾಗ ಕಶ್ಕ್, ಕಂದುಬಣ್ಣಕ್ಕೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಪುದೀನ ಎಣ್ಣೆ ಮೇಲೆ ಹರಡಿ.

ಪ್ರಶ್ನೆ: ಇದು ಹಬ್ಬದ ಅಡುಗೆಯೇ? ಮಿಕ್ಕಿದ್ದನ್ನು ಇಡಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಇರಾನಿನ ಹೊಸವರ್ಷದ ಹಬ್ಬ ನೌರೂಜ್ ಸುತ್ತಮುತ್ತ, ಅದರ 13ನೇ ದಿನದ ವನಭೋಜನಕ್ಕೆ ಮಾಡುತ್ತಾರೆ. ಮನೆಯವರು ದೂರ ಪ್ರಯಾಣ ಹೊರಟ ಮೇಲೂ ಮಾಡಿ ನೆರೆಹೊರೆಗೆ ಹಂಚುವ ರೂಢಿಯಿದೆ. ಇರಾನಿನ ಫಾರ್ಸಿ ಭಾಷೆಯಲ್ಲಿ ಅಡುಗೆಯವರನ್ನೇ ‘ಆಶ್‌ಪಜ್’, ಅಂದರೆ ಆಶ್ ಬೇಯಿಸುವವರು, ಎನ್ನುತ್ತಾರೆ. ಫ್ರಿಜ್ಜಿನಲ್ಲಿ 3 ದಿನ ಇರುತ್ತದೆ. ಮರುದಿನ ಎಳೆಗಳು ನೀರು ಹೀರಿ ಗಟ್ಟಿಯಾಗಿರುತ್ತವೆ; ಬಿಸಿ ನೀರು ಸೇರಿಸಿ ಸಣ್ಣ ಉರಿಯಲ್ಲಿ ಕಾಯಿಸಿ. ಹೀಗೆ ಮಿಗಿಸಿ ಮತ್ತೆ ಕಾಯಿಸುವುದಾದರೆ, ಕಶ್ಕ್ ಬದಲು ಮೊಸರು ಹಾಕುವವರು ಅದನ್ನು ತಟ್ಟೆಗೇ ಬೆರೆಸಿಕೊಳ್ಳಲಿ, ಪಾತ್ರೆಗೆ ಬೇಡ.